ಮೂರು ಸಾಲಿನ ಮೋಹ

ಗೋ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವರ ನಡುವೆ ಬಹುಕಾಲದಿಂದ ಬೇರೂರಿ, ಈಗ ಹೆಚ್ಚುಕಡಮೆ ಆಚಾರದ ಪದವಿಯನ್ನೇ ಪಡೆದಿರುವ ಒಂದು ಅಭಿಪ್ರಾಯವುಂಟು. ಕೀ ಮತ್ತು ವ್ಯಾಲ್ಯೂಗಳ ಜೋಡಿಗಳನ್ನು ಹಿಡಿದಿಡುವ ಮ್ಯಾಪ್ ಎಂಬ ಸಾಧನವು ಭಾಷೆಯೊಳಗೇ ಇರುವುದರಿಂದ, ಅದರ ಕೀಗಳನ್ನು ಒಂದೆಡೆ ಕೂಡಿಸುವುದಕ್ಕಾಗಲಿ, ಒಂದು ಮ್ಯಾಪಿನ ಪ್ರತಿ ತೆಗೆಯುವುದಕ್ಕಾಗಲಿ, ಎರಡನ್ನು ಬೆರೆಸುವುದಕ್ಕಾಗಲಿ ಒಂದು ಫಾರ್ ಲೂಪ್ ಧಾರಾಳವಾಗಿ ಸಾಕೆಂದೂ, ಮೂರು ಸಾಲಿನ ಇಂಥ ಕೆಲಸಕ್ಕೆ ಹೆಸರಿಟ್ಟು, ಯಾವ ಬಗೆಯ ಮ್ಯಾಪಿಗಾದರೂ ಹೊಂದುವ ಜೆನರಿಕ್ ಫಂಕ್ಷನ್ ಮಾಡಿ ಲೈಬ್ರರಿಯಲ್ಲಿ ಕೂರಿಸುವುದು ಅನಾವಶ್ಯಕವಾದ ಆಡಂಬರವೆಂದೂ, ಲೂಪ್ ಕಣ್ಣೆದುರಿಗಿದ್ದರೆ ನಡೆಯುವುದೆಲ್ಲ ಓದುಗನಿಗೆ ತಾನಾಗಿಯೇ ಗೋಚರಿಸುವುದೆಂದೂ ಆ ಅಭಿಪ್ರಾಯವು ಸಾರುತ್ತದೆ. ಹೊಸಬನೊಬ್ಬನು ಇಂಥ ಫಂಕ್ಷನ್ ಬರೆದು ಹಿರಿಯರ ಪರಿಶೀಲನೆಗೆ ಒಪ್ಪಿಸಿದನೆಂದರೆ, "ಇದಕ್ಕೆ ಲೂಪ್ ಸಾಲದೆ?" ಎಂಬ ಒಂದೇ ಪ್ರಶ್ನೆಯಿಂದ ಅದು ತಿರಸ್ಕೃತವಾಗುವುದುಂಟು. ಸಾಲದು ಎಂಬುದು ನನ್ನ ಉತ್ತರ. ಏತಕ್ಕೆ ಸಾಲದು ಎಂಬುದನ್ನು ವಿವರವಾಗಿ ಹೇಳುವುದಕ್ಕೆ ಈ ಲೇಖನ.

ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿ ಮಂಡಿಸದೆ ಖಂಡಿಸುವುದು ನ್ಯಾಯವಲ್ಲ. ಗೋ ಭಾಷೆ ಲೋಕಕ್ಕೆ ಪ್ರಕಟವಾದದ್ದು 2009ರ ನವೆಂಬರಿನಲ್ಲಿ. ಆಗ ಅದರಲ್ಲಿ ಜೆನರಿಕ್ ವ್ಯವಸ್ಥೆ ಇರಲಿಲ್ಲ. ಅದರ ಮುಂದಿನ ತಿಂಗಳಲ್ಲಿಯೇ ಗೋ ತಂಡದ ರಸ್ ಕಾಕ್ಸ್ ಅವರು ಈ ವಿಷಯದ ಸಂದಿಗ್ಧವನ್ನು ಸ್ಪಷ್ಟವಾಗಿ ನಿರೂಪಿಸಿದರು: ಜೆನರಿಕ್ ಇಲ್ಲದಿದ್ದರೆ ಪ್ರೋಗ್ರಾಮರಿನ ಕೆಲಸ ನಿಧಾನವಾಗುತ್ತದೆ, ಒಂದು ರೀತಿಯಲ್ಲಿ ಅಳವಡಿಸಿದರೆ ಕಂಪೈಲರ್ ನಿಧಾನವಾಗಿ ಬೈನರಿ ಉಬ್ಬುತ್ತದೆ, ಇನ್ನೊಂದು ರೀತಿಯಲ್ಲಿ ಅಳವಡಿಸಿದರೆ ಪ್ರೋಗ್ರಾಮಿನ ಓಟವೇ ನಿಧಾನವಾಗುತ್ತದೆ. ಭಾಷೆಯ ಜನಕರಲ್ಲಿ ಒಬ್ಬರಾದ ರಾಬ್ ಪೈಕ್ ಅವರು ಸ್ಲೈಸುಗಳ ಮೇಲೆ ಕೆಲಸ ಮಾಡುವ ರಿಡ್ಯೂಸ್ ಮುಂತಾದ ಫಂಕ್ಷನ್ನುಗಳನ್ನು ಪ್ರಯೋಗಾರ್ಥವಾಗಿ ಬರೆದಿಟ್ಟು, ತಮಗೆ ಅವನ್ನು ಬಳಸುವ ಸಂದರ್ಭವೇ ಬರಲಿಲ್ಲವೆಂದೂ, ತಾವು ಫಾರ್ ಲೂಪನ್ನೇ ಬಳಸುವುದಾಗಿಯೂ, ಇತರರೂ ಹಾಗೆಯೇ ಮಾಡುವುದು ಲೇಸೆಂದೂ ಹೇಳಿದರು. ಕೊಂಚ ಅವಲಂಬನೆಗಿಂತ ಕೊಂಚ ನಕಲು ಮೇಲು ಎಂಬ ಅರ್ಥದ ಅವರ 2015ರ ಮಾತೂ ಈ ಪಕ್ಷದವರ ಬಾಯಲ್ಲಿ ನೆಲೆಸಿದೆ. ಇಂಥವರು ಆಡಿದ ಮಾತನ್ನು ಹಗುರಾಗಿ ತೆಗೆದುಕೊಳ್ಳುವುದು ಸಲ್ಲದು. ಅನಗತ್ಯವಾದ ಅಮೂರ್ತತೆಯ ಪದರಗಳಲ್ಲಿ ಸಿಕ್ಕಿ, ಒಂದು ಸಾಲು ಏನು ಮಾಡುತ್ತದೆಂದು ತಿಳಿಯಲು ಹತ್ತು ಫೈಲುಗಳನ್ನು ತೆರೆಯಬೇಕಾದ ದುರವಸ್ಥೆಯನ್ನು ಕಂಡವರ ಎಚ್ಚರಿಕೆ ಅದು. ಸರಳತೆಯ ಮೇಲಿನ ಅವರ ಪ್ರೀತಿ ನನ್ನದೂ ಹೌದು.

ಆದರೆ ಒಂದು ಸಂಗತಿಯನ್ನು ಮರೆಯಲಾಗದು. ಜೆನರಿಕ್ ವ್ಯವಸ್ಥೆ ಗೋ 1.18ರೊಡನೆ ಬಂದದ್ದು 2022ರ ಮಾರ್ಚ್ ತಿಂಗಳಲ್ಲಿ. ಅಲ್ಲಿಯವರೆಗಿನ ಹನ್ನೆರಡು ವರ್ಷಕ್ಕೂ ಮೀರಿದ ಅವಧಿಯಲ್ಲಿ, ಸ್ಟ್ರಿಂಗ್ ಕೀಯ ಮ್ಯಾಪಿಗೂ ಪೂರ್ಣಾಂಕ ಕೀಯ ಮ್ಯಾಪಿಗೂ ಏಕರೀತಿಯಾಗಿ ಸಲ್ಲುವ ಫಂಕ್ಷನ್ನನ್ನು ರಿಫ್ಲೆಕ್ಷನ್ನಿನ ಭಾರವಿಲ್ಲದೆ, ಟೈಪಿನ ರಕ್ಷಣೆಯನ್ನು ಕಳೆದುಕೊಳ್ಳದೆ ಬರೆಯುವುದು ಸಾಧ್ಯವೇ ಇರಲಿಲ್ಲ. ಆದಕಾರಣ ಎಲ್ಲರೂ ಲೂಪ್ ಬರೆದರು. ಬೇರೆ ಮಾರ್ಗವಿಲ್ಲದೆ ಹಿಡಿದ ದಾರಿಯನ್ನು ಕಾಲಕ್ರಮದಲ್ಲಿ ವಿವೇಕದಿಂದ ಆಯ್ದ ದಾರಿಯೆಂದು ವರ್ಣಿಸತೊಡಗಿದರು. ನಿರ್ಬಂಧ ಕಳಚಿದ ಮೇಲೂ ಆ ವರ್ಣನೆ ಮಾತ್ರ ಉಳಿದುಕೊಂಡಿತು. ನನ್ನ ವಿರೋಧವೆಲ್ಲ ಈ ಉಳಿಕೆಯನ್ನು ಕುರಿತದ್ದು.

ಈ ಮೂರು ಸಾಲುಗಳಲ್ಲಿ ಏನಿದೆಯೆಂಬುದನ್ನು ಹತ್ತಿರದಿಂದ ನೋಡೋಣ. ಎಲ್ಲಕ್ಕಿಂತ ಸುಲಭವೆಂದು ತೋರುವ ಕೆಲಸವನ್ನೇ ಆರಿಸಿಕೊಳ್ಳುತ್ತೇನೆ: ಮ್ಯಾಪನ್ನು ಬರಿದುಮಾಡುವುದು. ಮ್ಯಾಪಿನ ಒಂದೊಂದು ಕೀಯನ್ನೂ ಸುತ್ತಿ ಬಂದು ಡಿಲೀಟ್ ಮಾಡುವ ಲೂಪ್, ಗೋ ಬಲ್ಲ ಪ್ರತಿಯೊಬ್ಬನೂ ನಿದ್ದೆಯಲ್ಲೂ ಬರೆಯಬಲ್ಲದ್ದು. ಇದರಲ್ಲಿ ತಪ್ಪಿರುವುದು ಸಾಧ್ಯವೆಂದು ಯಾರಿಗೂ ಅನ್ನಿಸದು. ಆದರೆ ಕೀಯ ಸ್ಥಾನದಲ್ಲಿ ಫ್ಲೋಟ್ ಸಂಖ್ಯೆಗಳಿದ್ದು, ಅವುಗಳಲ್ಲಿ ಒಂದು ನ್ಯಾನ್ ಎಂಬ, ಸಂಖ್ಯೆಯೇ ಅಲ್ಲದ ಮೌಲ್ಯವಾಗಿದ್ದರೆ ಏನಾಗುತ್ತದೆ? ಐಇಇಇ 754 ನಿಯಮದ ಪ್ರಕಾರ ನ್ಯಾನ್ ತನಗೆ ತಾನೇ ಸಮವಲ್ಲ. ಅದನ್ನು ಕೀಯಾಗಿ ಸೇರಿಸಿದಷ್ಟು ಸಲವೂ ಹೊಸದೊಂದು ನಮೂದು ಹುಟ್ಟುತ್ತದೆ; ಆ ಕೀಯನ್ನು ಕೊಟ್ಟು ಹುಡುಕಿದರೆ ಸಿಕ್ಕದು; ಆ ಕೀಯನ್ನು ಕೊಟ್ಟು ಅಳಿಸಲು ಹೋದರೆ ಅಳಿಯದು. ಲೂಪ್ ಮುಗಿದಿರುತ್ತದೆ, ಮ್ಯಾಪ್ ಬರಿದಾಗಿರುವುದಿಲ್ಲ. ಮೂರು ಸಾಲಿನ ಆ ಲೂಪನ್ನು ಎಷ್ಟೇ ಜಾಣನು ಎಷ್ಟೇ ಎಚ್ಚರದಿಂದ ಬರೆದರೂ ಈ ದೋಷವನ್ನು ನೀಗಲಾರನು, ಏಕೆಂದರೆ ಡಿಲೀಟ್ ಎಂಬ ಸಲಕರಣೆಗೇ ಅದು ಅಶಕ್ಯ. 2023ರ ಆಗಸ್ಟಿನಲ್ಲಿ ಬಂದ ಗೋ 1.21ರಲ್ಲಿ ಕ್ಲಿಯರ್ ಎಂಬುದನ್ನು ಭಾಷೆಯ ಅಂತರ್ಗತ ಫಂಕ್ಷನ್ನಾಗಿ ಸೇರಿಸಿದ ಮೇಲೆ ಮಾತ್ರವೇ, ಮ್ಯಾಪನ್ನು ನಿಜವಾಗಿ ಬರಿದುಮಾಡುವ ಉಪಾಯ ಗೋ ಪ್ರೋಗ್ರಾಮರಿಗೆ ದೊರಕಿತು.

ಇದಕ್ಕೂ ಮುಂಚಿನ ಇನ್ನೊಂದು ವೃತ್ತಾಂತ ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಗೋ 1.11ರಲ್ಲಿ ಕಂಪೈಲರಿಗೆ ಒಂದು ಹೊಸ ವಿದ್ಯೆಯನ್ನು ಕಲಿಸಲಾಯಿತು: ಮೇಲೆ ಹೇಳಿದ ಬರಿದುಮಾಡುವ ಲೂಪಿನ ಆಕಾರವನ್ನು ಗುರುತಿಸಿ, ಒಂದೊಂದೇ ಕೀಯನ್ನು ಅಳಿಸುವ ಶ್ರಮವನ್ನು ಬಿಟ್ಟು, ಇಡೀ ಮ್ಯಾಪನ್ನು ಒಟ್ಟಿಗೆ ತೆರವುಮಾಡುವುದು. ಅಂದರೆ, ಪ್ರೋಗ್ರಾಮರ್ ಮನಸ್ಸಿನಲ್ಲಿ 'ಬರಿದುಮಾಡು' ಎಂಬ ಒಂದೇ ಉದ್ದೇಶವಿತ್ತು. ಅದಕ್ಕೆ ಹೆಸರಿಲ್ಲದ ಕಾರಣ ಅವನು ಅದನ್ನು ಲೂಪಾಗಿ ಬಿಡಿಸಿ ಬರೆದನು. ಕಂಪೈಲರ್ ಆ ಬಿಡಿಭಾಗಗಳನ್ನೆಲ್ಲ ಮತ್ತೆ ಜೋಡಿಸಿ, ಅವನ ಮೊದಲ ಉದ್ದೇಶವನ್ನು ಊಹಿಸಬೇಕಾಯಿತು. ಲೂಪ್ ಬರೆದರೆ ಅರ್ಥ ಕಣ್ಣಿಗೆ ಕಾಣುತ್ತದೆಂದು ವಾದಿಸುವವರು ಈ ಊಹೆಯ ಪ್ರಯಾಸ ಏತಕ್ಕೆ ಬೇಕಾಯಿತೆಂಬುದನ್ನು ವಿಚಾರಿಸಬೇಕು. ಯಂತ್ರವು ಪಟ್ಟ ಪ್ರಯಾಸವನ್ನೇ ಆ ಕೋಡನ್ನು ಓದುವ ಮನುಷ್ಯನೂ ಪ್ರತಿಸಲವೂ ಪಡುತ್ತಾನೆ. ಲೂಪಿನ ಒಳಗೆ ಎಲ್ಲಿಯೋ ಒಂದು ಸಣ್ಣ ಷರತ್ತು ಅಡಗಿದೆಯೇನೋ ಎಂದು ಸಾಲುಸಾಲಾಗಿ ನೋಡಿ, ಇಲ್ಲವೆಂದು ಖಚಿತಮಾಡಿಕೊಂಡು, ಬಳಿಕ ಇದು ಬರಿದುಮಾಡುವ ಲೂಪೇ ಸರಿ ಎಂಬ ತೀರ್ಮಾನಕ್ಕೆ ಬರುತ್ತಾನೆ.

ಪ್ರತಿ ತೆಗೆಯುವ ಲೂಪಿನಲ್ಲಿಯೂ ಇಂಥದೇ ಗುಪ್ತ ನಿರ್ಣಯಗಳಿವೆ. ಮೂಲ ಮ್ಯಾಪ್ ನಿಲ್ ಆಗಿದ್ದರೆ ಪ್ರತಿಯೂ ನಿಲ್ ಆಗತಕ್ಕದ್ದೊ, ಬರಿದಾದ ಮ್ಯಾಪ್ ಆಗತಕ್ಕದ್ದೊ? ಓದುವ ಮಟ್ಟಿಗೆ ಎರಡೂ ಒಂದೇ. ನಿಲ್ ಮ್ಯಾಪಿಗೆ ಬರೆಯಹೋದರೆ ಮಾತ್ರ ಪ್ರೋಗ್ರಾಮ್ ಪ್ಯಾನಿಕ್ ಆಗಿ ನಿಂತುಹೋಗುತ್ತದೆ. ರಿಫ್ಲೆಕ್ಟ್ ಪ್ಯಾಕೇಜಿನ ಡೀಪ್‌ಈಕ್ವಲ್ ಈ ಎರಡನ್ನೂ ಬೇರೆಬೇರೆಯೆಂದು ಹೇಳುತ್ತದೆ, ಸ್ಟ್ಯಾಂಡರ್ಡ್ ಲೈಬ್ರರಿಯ ಮ್ಯಾಪ್ಸ್ ಪ್ಯಾಕೇಜಿನ ಈಕ್ವಲ್ ಸಮವೆಂದು ಹೇಳುತ್ತದೆ. ಅದೇ ಮ್ಯಾಪ್ಸ್ ಪ್ಯಾಕೇಜಿನ ಕ್ಲೋನ್ ಎಂಬ ಸಹಾಯಕ ಫಂಕ್ಷನ್ ನಿಲ್ಲಿಗೆ ನಿಲ್ಲನ್ನೇ ಹಿಂದಿರುಗಿಸುತ್ತದೆ; ತಾನು ತೆಗೆಯುವುದು ಮೇಲುಮೇಲಿನ ಪ್ರತಿ ಮಾತ್ರವೆಂದೂ ತನ್ನ ವಿವರಣೆಯಲ್ಲಿ ಬರೆದುಕೊಂಡಿದೆ. ಈ ಎರಡನೆಯ ಮಾತು ಸಾಮಾನ್ಯವಾದುದಲ್ಲ. ಎಚ್‌ಟಿಟಿಪಿ ಹೆಡರ್ ಎಂಬುದು ಗೋ ಭಾಷೆಯಲ್ಲಿ ಒಂದು ಮ್ಯಾಪ್. ಅದರ ಪ್ರತಿಯೊಂದು ವ್ಯಾಲ್ಯೂ ಸ್ಟ್ರಿಂಗುಗಳ ಸ್ಲೈಸ್. ಲೂಪಿನಿಂದ ಅದರ ಪ್ರತಿ ತೆಗೆದರೆ, ಮ್ಯಾಪ್ ಎರಡಾದರೂ ಒಳಗಿನ ಸ್ಲೈಸುಗಳ ಆಧಾರ ಒಂದೇ ಆಗಿರುವುದರಿಂದ, ಪ್ರತಿಯಲ್ಲಿ ಒಂದು ಅಂಶವನ್ನು ತಿದ್ದಿದರೆ ಮೂಲವೂ ತಿದ್ದಿಹೋಗುತ್ತದೆ. ಈ ಕಾರಣಕ್ಕಾಗಿಯೇ ಗೋ 1.13ರಲ್ಲಿ ಹೆಡರಿಗೆ ಆಳವಾದ ಪ್ರತಿಯನ್ನು ತೆಗೆಯುವ ತನ್ನದೇ ಕ್ಲೋನ್ ಮೆಥಡ್ ಕೊಡಲಾಯಿತು. ಹೆಸರು ಈ ಅಪಾಯವನ್ನು ಮುಚ್ಚಿಡುತ್ತದೆಂದು ಆಕ್ಷೇಪಿಸುವವರು, ಲೂಪ್ ಅದನ್ನು ಮುಚ್ಚಿಡುವುದಿಲ್ಲವೆಂದು ಹೇಗೆ ಹೇಳಿಯಾರು? ಲೂಪಿನಲ್ಲಿಯೂ ಅದೇ ಅಪಾಯವಿದೆ. ಹೆಸರುಳ್ಳ ಫಂಕ್ಷನ್ನಿನ ತಲೆಯ ಮೇಲೆ ಅದನ್ನು ಎಚ್ಚರಿಸುವ ಒಂದು ವಾಕ್ಯವಿರುತ್ತದೆ, ನೂರು ಕಡೆ ಚದರಿದ ಲೂಪುಗಳಲ್ಲಿ ಒಂದರ ಮೇಲೂ ಅದು ಇರುವುದಿಲ್ಲ.

ಬೆರೆಸುವ ವಿಷಯಕ್ಕೆ ಬಂದರೆ ಹಾನಿ ಹಣದ ರೂಪವನ್ನೂ ತಾಳಬಹುದು. ಅಂಗಡಿಯೊಂದರ ಬಿಲ್ ತಯಾರಿಸುವ ಪ್ರೋಗ್ರಾಮಿನಲ್ಲಿ, ಯಾವ ಸಾಮಾನಿಗೆ ಶೇಕಡಾ ಎಷ್ಟು ರಿಯಾಯಿತಿ ಎಂಬುದನ್ನು ಹೇಳುವ ಸಾಮಾನ್ಯ ಮ್ಯಾಪ್ ಒಂದು, ಶಾಖೆಯವರು ತಮಗಾಗಿ ಕೊಟ್ಟ ಮ್ಯಾಪ್ ಇನ್ನೊಂದು ಇವೆಯೆಂದು ಭಾವಿಸೋಣ. ಸಾಮಾನ್ಯ ಮ್ಯಾಪಿನಲ್ಲಿ ಸಕ್ಕರೆಗೆ 5. ಶಾಖೆಯವರು ಬೇಕೆಂತಲೇ 0 ಎಂದು ಬರೆದಿದ್ದಾರೆ. ಎರಡನ್ನೂ ಬೆರೆಸುವವನು ಲೂಪಿನಲ್ಲಿ, ಶಾಖೆಯ ಮ್ಯಾಪಿನಲ್ಲಿ ಈ ಕೀಗೆ 0 ಸಿಕ್ಕಿದರೆ ಅಲ್ಲಿ ಏನೂ ಇಲ್ಲವೆಂದು ತಿಳಿದು ಸಾಮಾನ್ಯ ದರವನ್ನು ತುಂಬುತ್ತಾನೆ. ಏಕೆಂದರೆ ಗೋ ಭಾಷೆಯಲ್ಲಿ ಇಲ್ಲದ ಕೀಯನ್ನು ಕೇಳಿದರೂ ಸಿಗುವುದು ಸೊನ್ನೆಯೇ. ಶಾಖೆಯವರು ಬೇಡವೆಂದ ರಿಯಾಯಿತಿ ಸಕ್ಕರೆಯ ಪ್ರತಿ ಬಿಲ್ಲಿನಲ್ಲೂ ಕಾಣಿಸಿಕೊಳ್ಳುತ್ತದೆ. ಕೀ ಇದೆಯೆ ಇಲ್ಲವೆ ಎಂಬುದನ್ನು ಬೇರೆಯಾಗಿ ಕೇಳುವ ರೂಪ ಭಾಷೆಯಲ್ಲಿ ಉಂಟು. ಅದನ್ನು ಬಳಸಿದರೆ ತಪ್ಪಿಲ್ಲ. ಆದರೆ ಪ್ರತಿಯೊಬ್ಬನೂ ಪ್ರತಿಸಲವೂ ನೆನಪಿನಿಂದ ಬಳಸಬೇಕು. ನೆನಪಿಟ್ಟುಕೊಳ್ಳುವ ಈ ಭಾರವನ್ನು ಒಂದು ಫಂಕ್ಷನ್ನಿಗೆ ವಹಿಸಿ, ಟೆಸ್ಟ್ ಬರೆದು, ಮುಂದಿನ ಕೆಲಸಕ್ಕೆ ಹೋಗುವುದು ಆಡಂಬರವೆಂದರೆ ನನಗೆ ಆ ಮಾತು ಅರ್ಥವಾಗುವುದಿಲ್ಲ.

ಒಂದೇ ಕೀ ಎರಡೂ ಕಡೆ ಇದ್ದರೆ ಯಾವುದು ಗೆಲ್ಲಬೇಕೆಂಬ ಪ್ರಶ್ನೆ ಇನ್ನೂ ಗಹನ. ಹ್ಯಾಸ್ಕೆಲ್ ಭಾಷೆಯ ಮ್ಯಾಪ್ ಲೈಬ್ರರಿಯಲ್ಲಿ ಯೂನಿಯನ್ ಎಂಬುದು ಎಡಗಡೆಯ ವ್ಯಾಲ್ಯೂವನ್ನು ಉಳಿಸಿಕೊಳ್ಳುತ್ತದೆ. 2020ರಲ್ಲಿ ಬಂದ ಪೈಥಾನ್ 3.9ರ ಡಿಕ್ಷನರಿ ಬೆರೆಸುವ ಚಿಹ್ನೆಯು ಬಲಗಡೆಯದನ್ನು ಉಳಿಸಿಕೊಳ್ಳುತ್ತದೆ. ಗೋ ಭಾಷೆಯ ಮ್ಯಾಪ್ಸ್ ಪ್ಯಾಕೇಜಿನ ಕಾಪಿ ಫಂಕ್ಷನ್ ಗುರಿಯಲ್ಲಿದ್ದುದನ್ನು ಅಳಿಸಿ ಮೂಲದ್ದನ್ನು ಬರೆಯುತ್ತದೆ. ಪರಿಣತರೇ ರೂಪಿಸಿದ ಭಾಷೆಗಳು ಪರಸ್ಪರ ವಿರುದ್ಧವಾದ ನಿರ್ಣಯಗಳನ್ನು ಕೈಕೊಂಡಿರುವಾಗ, ಇದರಲ್ಲಿ ಯೋಚಿಸತಕ್ಕದ್ದು ಏನೂ ಇಲ್ಲವೆಂದು ಹೇಳುವುದು ಧಾರ್ಷ್ಟ್ಯ. ಹ್ಯಾಸ್ಕೆಲ್ಲಿನ ಯೂನಿಯನ್‌ವಿತ್, ಕ್ಲೋಜರಿನ ಮರ್ಜ್-ವಿತ್ ಇವು ಇನ್ನೂ ಮುಂದೆ ಹೋಗಿ, ಡಿಕ್ಕಿಯಾದಾಗ ಎರಡು ವ್ಯಾಲ್ಯೂಗಳನ್ನು ಹೇಗೆ ಕೂಡಿಸಬೇಕೆಂಬ ನಿಯಮವನ್ನು ಕರೆಯುವವನಿಂದಲೇ ಕೇಳುತ್ತವೆ. 2014ರ ಜಾವಾ 8ರಲ್ಲಿ ಬಂದ ಟುಮ್ಯಾಪ್ ಎಂಬ ಕಲೆಕ್ಟರ್, ಅಂಥ ನಿಯಮ ಕೊಡದೆ ಒಂದೇ ಕೀ ಎರಡು ಸಲ ಬಂದರೆ ಎಕ್ಸೆಪ್ಶನ್ ಎಸೆಯುತ್ತದೆ. ಇದನ್ನು ಉಪದ್ರವವೆಂದು ಬೈಯುವವರನ್ನು ನಾನು ಕಂಡಿದ್ದೇನೆ. ನನ್ನ ಮಟ್ಟಿಗೆ ಅದು ಆ ಫಂಕ್ಷನ್ ಮಾಡುವ ಅತ್ಯುತ್ತಮ ಉಪಕಾರ. ಕೀ-ವ್ಯಾಲ್ಯೂಗಳನ್ನು ಅದಲುಬದಲು ಮಾಡುವ ಲೂಪನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಸಿಬ್ಬಂದಿಯ ಹೆಸರಿನಿಂದ ಕೋಣೆಯ ಸಂಖ್ಯೆಗೆ ಇರುವ ಮ್ಯಾಪನ್ನು ತಿರುಗಿಸಿ ಕೋಣೆಯಿಂದ ಹೆಸರಿಗೆ ಮಾಡಿದರೆ, ಒಂದೇ ಕೋಣೆಯಲ್ಲಿ ಇಬ್ಬರಿದ್ದಲ್ಲಿ ಒಬ್ಬನು ಸದ್ದಿಲ್ಲದೆ ಮಾಯವಾಗುತ್ತಾನೆ; ಗೋ ಮ್ಯಾಪಿನ ಸುತ್ತಾಟದ ಕ್ರಮವನ್ನು 2012ರ ಗೋ 1ರಿಂದ ಉದ್ದೇಶಪೂರ್ವಕವಾಗಿ ಕದಡಿರುವುದರಿಂದ, ಮಾಯವಾಗುವವನು ಈ ಸಲದ ಓಟದಲ್ಲಿ ಒಬ್ಬ, ಮುಂದಿನ ಓಟದಲ್ಲಿ ಇನ್ನೊಬ್ಬ.

ಈಗ ಕೀಗಳ ಪಟ್ಟಿಯ ಕಥೆ. ಜೆನರಿಕ್ ಬಂದ ಹೊಸದರಲ್ಲಿ ಗೋ ತಂಡದ ಪ್ರಯೋಗದ ಭಂಡಾರದಲ್ಲಿದ್ದ ಮ್ಯಾಪ್ಸ್ ಪ್ಯಾಕೇಜಿನಲ್ಲಿ ಕೀಸ್, ವ್ಯಾಲ್ಯೂಸ್ ಎಂಬ ಫಂಕ್ಷನ್ನುಗಳಿದ್ದು, ಅವು ಸ್ಲೈಸನ್ನು ಹಿಂದಿರುಗಿಸುತ್ತಿದ್ದುವು. 1.21ರಲ್ಲಿ ಆ ಪ್ಯಾಕೇಜು ಸ್ಟ್ಯಾಂಡರ್ಡ್ ಲೈಬ್ರರಿಗೆ ಪ್ರವೇಶಿಸಿದಾಗ ಈ ಎರಡನ್ನೂ ಹೊರಗಿಡಲಾಯಿತು. 2024ರ ಆಗಸ್ಟಿನ 1.23ರಲ್ಲಿ ಇಟರೇಟರುಗಳು ಬಂದ ಮೇಲೆ, ಇಟರೇಟರನ್ನು ಹಿಂದಿರುಗಿಸುವ ರೂಪದಲ್ಲಿ ಅವು ಮರಳಿದುವು. ಲೂಪಿನ ಪಕ್ಷದವರು ಇದನ್ನು ತಮ್ಮ ಜಯವೆಂದು ತೋರಿಸುವುದುಂಟು: ಇಷ್ಟು ಸಣ್ಣ ಫಂಕ್ಷನ್ನನ್ನು ಕುರಿತು ಭಾಷೆಯ ಕರ್ತೃಗಳಿಗೇ ಒಮ್ಮತವಿರಲಿಲ್ಲ, ಆದ್ದರಿಂದ ಅದು ಇಲ್ಲದಿದ್ದರೇ ಒಳಿತಾಗಿತ್ತು ಎಂದು. ಅದೇ ಸಂಗತಿಯಿಂದ ನಾನು ವಿಪರೀತವಾದ ನಿಗಮನವನ್ನು ತೆಗೆಯುತ್ತೇನೆ. ಕೀಗಳನ್ನು ಕೇಳಿದಾಗ ಹೊಸದಾಗಿ ಮೆಮೊರಿ ಹಿಡಿದು ಪಟ್ಟಿ ಕಟ್ಟಿಕೊಡಬೇಕೊ, ಒಂದೊಂದನ್ನೇ ಒದಗಿಸಿದರೆ ಸಾಕೊ, ಕ್ರಮದ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಲು ಅಂಥ ಅನುಭವಿಗಳಿಗೇ ವರ್ಷಗಳು ಬೇಕಾದುವೆಂದರೆ, ಸಂಜೆಯ ಗಡುವಿನ ಒತ್ತಡದಲ್ಲಿ ಲೂಪ್ ಗೀಚುವವನು ಆ ಪ್ರಶ್ನೆಗಳನ್ನು ಕೇಳಿಕೊಳ್ಳದೆಯೇ ಉತ್ತರಿಸಿಬಿಡುತ್ತಿದ್ದಾನೆಂದು ತಾನೆ ಅರ್ಥ? ಅವನು ಸಾರ್ಟ್ ಮಾಡುವುದನ್ನು ಮರೆಯುತ್ತಾನೆ. ಅವನ ಟೆಸ್ಟು ಒಂದು ದಿನ ಪಾಸಾಗಿ ಒಂದು ದಿನ ಫೇಲಾಗುತ್ತದೆ. ಟೆಸ್ಟೇ ಸರಿಯಿಲ್ಲವೆಂದು ಅದನ್ನು ಬದಿಗೆ ಸರಿಸಲಾಗುತ್ತದೆ. ಸ್ಲೈಸಸ್ ಪ್ಯಾಕೇಜಿನ ಸಾರ್ಟೆಡ್ ಫಂಕ್ಷನ್ನಿಗೆ ಮ್ಯಾಪ್ಸಿನ ಕೀಸನ್ನು ಒಪ್ಪಿಸುವ ಈಗಿನ ಒಂದು ಸಾಲಿನಲ್ಲಿ ಕ್ರಮದ ಮಾತು ಬಾಯಿಬಿಟ್ಟು ಹೇಳಲ್ಪಟ್ಟಿದೆ. ಹೇಳದಿದ್ದರೆ ಆ ಲೋಪವೂ ಓದುಗನ ಕಣ್ಣಿಗೆ ಬೀಳುತ್ತದೆ.

ಕ್ಲೋಜರ್ ಭಾಷೆಯವರ ಅನುಭವವೂ ಇಂಥದೇ. ಮ್ಯಾಪಿನ ವ್ಯಾಲ್ಯೂಗಳಿಗೆಲ್ಲ ಒಂದು ಫಂಕ್ಷನ್ ಅನ್ವಯಿಸುವ ಅಪ್ಡೇಟ್-ವ್ಯಾಲ್ಸ್ ಆ ಭಾಷೆಯ ತಿರುಳಿಗೆ ಸೇರಿದ್ದು 1.11ರಲ್ಲಿ, ಗೋ ಜೆನರಿಕ್ ಬಂದ 2022ರ ಅದೇ ಮಾರ್ಚಿನಲ್ಲಿ. ಅದಕ್ಕೆ ಮೊದಲು ಎಷ್ಟೋ ಯೋಜನೆಗಳು ಆ ಫಂಕ್ಷನ್ನನ್ನು ತಮ್ಮತಮ್ಮ ಹೆಸರಿನಲ್ಲಿ, ತಮ್ಮತಮ್ಮ ರೀತಿಯಲ್ಲಿ ಬರೆದುಕೊಂಡಿದ್ದುವು. ಮನೆಗೊಂದು ಸೇರು ಇಟ್ಟುಕೊಂಡ ಊರಿನಲ್ಲಿ ಯಾರೂ ಮೋಸಗಾರರಲ್ಲದಿದ್ದರೂ ಭತ್ತದ ಲೆಕ್ಕ ಕೂಡಿಬರುವುದಿಲ್ಲ.

ಅವಲಂಬನೆಯ ಆಕ್ಷೇಪವೊಂದು ಉಳಿದಿದೆ. ಅದು ನಿಜಕ್ಕೂ ತೂಕವುಳ್ಳದ್ದು. 2016ರ ಮಾರ್ಚ್ 22ರಂದು ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಮ್ ಭಂಡಾರದಿಂದ ಹಿಂತೆಗೆದುಕೊಂಡಾಗ ಅಸಂಖ್ಯಾತ ಜಾವಾಸ್ಕ್ರಿಪ್ಟ್ ಯೋಜನೆಗಳ ಬಿಲ್ಡುಗಳು ಮುರಿದುಬಿದ್ದುವು. 2019ರಲ್ಲಿ ಲೋಡ್ಯಾಶ್ ಲೈಬ್ರರಿಯ ಡಿಫಾಲ್ಟ್ಸ್‌ಡೀಪ್ ಎಂಬ, ಮ್ಯಾಪುಗಳನ್ನು ಆಳವಾಗಿ ಬೆರೆಸುವ ಫಂಕ್ಷನ್ನಿನ ಮೂಲಕ, ಕುಟಿಲವಾದ ಕೀಯೊಂದನ್ನು ಕಳುಹಿಸಿ ಪ್ರೋಗ್ರಾಮಿನ ಎಲ್ಲ ಆಬ್ಜೆಕ್ಟುಗಳ ಮೂಲರೂಪವನ್ನೇ ಕೆಡಿಸಬಹುದೆಂಬ ದೋಷ ಬಯಲಾಯಿತು. ಇವನ್ನು ಅಲ್ಲಗಳೆಯಲಾಗದು. ಆದರೆ ಮೊದಲನೆಯ ಉದಾಹರಣೆ ದೂಷಿಸುವುದು ಫಂಕ್ಷನ್ನನ್ನಲ್ಲ, ಅದನ್ನು ಯಾರ ಮನೆಯಲ್ಲಿ ಇರಿಸಿದ್ದರೆಂಬುದನ್ನು: ಸಹಾಯಕ ಫಂಕ್ಷನ್ ಇರತಕ್ಕ ಸ್ಥಳ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿ, ಅದಾಗದಿದ್ದರೆ ಯೋಜನೆಯ ಸ್ವಂತ ಪ್ಯಾಕೇಜು. ಎರಡನೆಯದರಲ್ಲಿ, ದೋಷ ಒಂದೆಡೆ ಇದ್ದುದರಿಂದ ಒಂದೆಡೆ ತಿದ್ದಿದರೆ ಸಾಕಾಯಿತು. ಹೊಸ ಆವೃತ್ತಿಗೆ ಏರಿದವರೆಲ್ಲರೂ ಪಾರಾದರು. ಅದೇ ಆಳದ ಬೆರಕೆಯನ್ನು ತಾವೇ ಲೂಪಿನಲ್ಲಿ ಬರೆದುಕೊಂಡವರ ಕೋಡಿನಲ್ಲಿ ಅದೇ ರಂಧ್ರವಿದ್ದರೆ, ಅದಕ್ಕೆ ಯಾವ ಎಚ್ಚರಿಕೆಯ ಪ್ರಕಟಣೆಯೂ ಹೊರಡುವುದಿಲ್ಲ, ಯಾವ ಆವೃತ್ತಿಯೂ ಬರುವುದಿಲ್ಲ.

ವೇಗದ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. 1.21ರ ಕ್ಲೋನ್, ಭಾಷೆಯ ರನ್‌ಟೈಮಿನೊಳಗೇ ನಿಂತು ಮ್ಯಾಪಿನ ಬಕೆಟ್ಟುಗಳನ್ನು ನೇರವಾಗಿ ನಕಲಿಸುತ್ತಿತ್ತು. ಹೊರಗಿನಿಂದ ಲೂಪ್ ಬರೆಯುವವನಿಗೆ ಆ ಬಾಗಿಲೇ ಇಲ್ಲ.

ಹಾಗೆಂದು, ಮ್ಯಾಪಿನ ಹೆಸರಿನಲ್ಲಿ ಬರುವ ಪ್ರತಿಯೊಂದು ಫಂಕ್ಷನ್ನನ್ನೂ ನಾನು ಸ್ವಾಗತಿಸುವವನಲ್ಲ. ಯುಟಿಲ್ಸ್ ಎಂಬ ಹೆಸರಿನ ಕೊಠಡಿಯೊಳಕ್ಕೆ ಕಂಡದ್ದನ್ನೆಲ್ಲ ತಂದು ಸುರಿಯುವವರೂ, ಕೀಯನ್ನೂ ವ್ಯಾಲ್ಯೂವನ್ನೂ ಕ್ರಮವನ್ನೂ ತಪ್ಪನ್ನೂ ಬೂಲಿಯನ್ ಆರ್ಗ್ಯುಮೆಂಟುಗಳಿಂದ ನಿಯಂತ್ರಿಸುವ ಒಂದೇ ಮಹಾಫಂಕ್ಷನ್ ಕಟ್ಟುವವರೂ ಈ ಪಕ್ಷಕ್ಕೆ ಮಾಡಿರುವ ಹಾನಿ ಅಲ್ಪವಲ್ಲ. ಒಂದು ಲೂಪಿನಲ್ಲಿ ನಾಲ್ಕು ಬಗೆಯ ಕೆಲಸ ಒಟ್ಟಿಗೆ ನಡೆಯುವಾಗ, ಮಧ್ಯದಲ್ಲಿ ನಿಲ್ಲಬೇಕಾದಾಗ, ಎರರನ್ನು ಹಿಂದಿರುಗಿಸಬೇಕಾದಾಗ ಲೂಪೇ ಯೋಗ್ಯ. ಅದನ್ನು ಮೂರು ಫಂಕ್ಷನ್ನುಗಳ ಸರಪಳಿಯಾಗಿ ಹೆಣೆಯುವುದರಿಂದ ಯಾರಿಗೂ ಉಪಯೋಗವಿಲ್ಲ. ಗೋ ಭಾಷೆಯ ಮ್ಯಾಪ್ಸ್ ಪ್ಯಾಕೇಜಿನಲ್ಲಿ ಇಂದು ಇರುವ ಫಂಕ್ಷನ್ನುಗಳು ಎರಡು ಕೈಗಳ ಬೆರಳುಗಳಲ್ಲಿ ಎಣಿಸುವಷ್ಟೇ. ಆ ಮಿತಿಯನ್ನು ನಾನು ಗೌರವಿಸುತ್ತೇನೆ. ನನ್ನ ವಾದ ಇಷ್ಟಕ್ಕೆ ಸೀಮಿತ: ಎಲ್ಲರೂ ಬರೆಯುವ, ಬರೆಯುವಾಗಲೆಲ್ಲ ಅದೇ ನಾಲ್ಕೈದು ನಿರ್ಣಯಗಳನ್ನು ಬಾಯಿಬಿಡದೆ ಕೈಕೊಳ್ಳುವ ಲೂಪಿಗೆ ಒಂದು ಹೆಸರೂ, ಆ ಹೆಸರಿನ ಕೆಳಗೆ ಆ ನಿರ್ಣಯಗಳ ಬರವಣಿಗೆಯೂ ಇರತಕ್ಕದ್ದು.

ಆ ಮಿತಿಯೊಳಗೂ ಒಂದು ಕೊರತೆ ನನ್ನನ್ನು ಬಾಧಿಸುತ್ತದೆ. ಎರಡು ಮ್ಯಾಪುಗಳನ್ನು ಬೆರೆಸುವಾಗ ಡಿಕ್ಕಿಯಾದ ಕೀಗೆ ಏನು ಮಾಡಬೇಕೆಂಬ ನಿಯಮವನ್ನು ಕರೆಯುವವನಿಂದ ಕೇಳಿ ಪಡೆಯುವ ಫಂಕ್ಷನ್ ಆ ಪ್ಯಾಕೇಜಿನಲ್ಲಿ ಇಲ್ಲ. ಇರುವ ಕಾಪಿ ಹಳೆಯದನ್ನು ಕೇಳದೆ ಅಳಿಸುತ್ತದೆ. ಎಣಿಕೆಗಳನ್ನು ಕೂಡುವಾಗ, ಪಟ್ಟಿಗಳನ್ನು ಸೇರಿಸುವಾಗ, ಅನುಮತಿಗಳಲ್ಲಿ ಕಟ್ಟುನಿಟ್ಟಾದುದನ್ನು ಉಳಿಸಿಕೊಳ್ಳುವಾಗ ಬೇಕಾಗುವುದು ಅದೇ, ಮತ್ತು ಲೂಪಿನಲ್ಲಿ ತಪ್ಪಾಗಿ ಬರೆಯಲ್ಪಡುವುದೂ ಅದೇ. ಸ್ಟ್ಯಾಂಡರ್ಡ್ ಲೈಬ್ರರಿಯ ಹೊಣೆ ಹೊತ್ತವರು ಅದನ್ನು ಒದಗಿಸಬೇಕು. ಒದಗಿಸುವವರೆಗೆ, ಇಬ್ಬರಿಗಿಂತ ಹೆಚ್ಚು ಜನ ಕೈಯಿಡುವ ಪ್ರತಿಯೊಂದು ಯೋಜನೆಯಲ್ಲಿಯೂ ಅದನ್ನು ಒಂದು ಸಲ ಬರೆದು, ಎಡದ ಮ್ಯಾಪ್ ನಿಲ್ ಆದಾಗ, ಬಲದ್ದು ನಿಲ್ ಆದಾಗ, ಎರಡೂ ಒಂದೇ ಮ್ಯಾಪ್ ಆದಾಗ, ವ್ಯಾಲ್ಯೂ ಬೇಕೆಂತಲೇ ಸೊನ್ನೆಯಾಗಿದ್ದಾಗ ಏನಾಗಬೇಕೆಂಬುದನ್ನು ಟೆಸ್ಟುಗಳಲ್ಲಿ ಬರೆದಿಡಲಿ. ಪರಿಶೀಲನೆಗೆ ಕುಳಿತ ಹಿರಿಯರು, ಲೂಪ್ ಸಾಲದೆ ಎಂದು ಕೇಳುವ ಬದಲು, ಆ ನಾಲ್ಕು ಟೆಸ್ಟುಗಳು ಎಲ್ಲಿ ಎಂದು ಕೇಳಲಿ.